ಚಿಕ್ಕತಾಯಮ್ಮನ ಗಂಡನ ಎಡಗಣ್ಣು

ನಾನು ಬರೆಯುವುದು ಸತ್ತವರ ಚಿತ್ರಗಳನ್ನು ಮಾತ್ರ. ಇದನ್ನು ಹೇಳಿದ ಕೂಡಲೇ ಎದುರಿಗಿರುವವರು ಅರ್ಧ ಅಡಿ ಹಿಂದೆ ಸರಿಯುತ್ತಾರೆಂದು ನನಗೆ ಗೊತ್ತು. ಅದಕ್ಕೇ ಮದುವೆ ಮನೆಗಳಲ್ಲಿ ಯಾರಾದರೂ "ನೀವೇನು ಮಾಡ್ತೀರಿ?" ಎಂದರೆ "ಮನೇಲೇ ಇದ್ದೀನಿ" ಎಂದು ಹೇಳಿ ಪಾಯಸದ ಕಡೆ ತಿರುಗಿಬಿಡುತ್ತೇನೆ. ಮನೆಯಲ್ಲೇ ಇರುವುದೂ ಸುಳ್ಳಲ್ಲ. ಬೆಳಗಿನ ಪೂಜೆ, ತಿಂಡಿ, ಪಾತ್ರೆ ಎಲ್ಲ ಮುಗಿದು ಕುಕ್ಕರ್ ತಣ್ಣಗಾಗುವ ಹೊತ್ತಿಗೆ ಊಟದ ಮೇಜಿನ ಮೇಲೆ ಯಾರೋ ಒಬ್ಬ ದಿವಂಗತರನ್ನು ಹರಡಿಕೊಂಡು ಕೂರುತ್ತೇನೆ. ಒಂದು ಮಾತು ಒಪ್ಪಬೇಕು, ಸತ್ತವರಷ್ಟು ಸಾಧುವಾದ ಜನ ಬೇರೆ ಇಲ್ಲ. ಅಲುಗಾಡುವುದಿಲ್ಲ, ಮಧ್ಯೆ ಕಾಫಿ ಕೇಳುವುದಿಲ್ಲ, ನನ್ನ ಮೂಗು ಇಷ್ಟು ದಪ್ಪ ಇದೆಯೇ ಎಂದು ಜಗಳಕ್ಕೆ ಬರುವುದಿಲ್ಲ. ನಮ್ಮೂರಿನ ನಂಜುಂಡೇಶ್ವರ ನನಗೆ ದೊಡ್ಡ ಭಾಗ್ಯಗಳನ್ನು ಕೊಡುವ ಗೋಜಿಗೆ ಹೋಗಲಿಲ್ಲ. ಇಂಥ ಚಿಲ್ಲರೆ ಉಪಕಾರಗಳನ್ನು ಮಾತ್ರ ತಪ್ಪದೆ ಮಾಡುತ್ತಾ ಬಂದಿದ್ದಾನೆ. ನಾನೂ ತಪ್ಪದೆ ಎಣಿಸುತ್ತಾ ಬಂದಿದ್ದೇನೆ.

ಇದು ಶುರುವಾದದ್ದು ನಮ್ಮ ಮಾವನವರಿಂದ. ಅವರು ಶಿವೈಕ್ಯರಾದಾಗ ಗೋಡೆಗೆ ಹಾಕಲು ಒಂದು ಫೋಟೋ ಹುಡುಕಿದರೆ ಸಿಕ್ಕಿದ್ದು ರೇಷನ್ ಕಾರ್ಡಿನ ಮೂಲೆಯಲ್ಲಿ, ಹೆಬ್ಬೆರಳ ಉಗುರಿನಷ್ಟು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದ ಧೈರ್ಯದ ಮೇಲೆ ಪೆನ್ಸಿಲ್ ಹಿಡಿದು ಅದನ್ನೇ ದೊಡ್ಡದು ಮಾಡಿ ಬರೆದೆ. ಮಾವನವರು ಜೀವಮಾನದಲ್ಲಿ ಒಮ್ಮೆಯೂ ನಕ್ಕವರಲ್ಲ, ಸಾರಿಗೆ ಉಪ್ಪು ಹದವಾಗಿದೆ ಎಂದವರಲ್ಲ. ಹದಿನಾಲ್ಕು ವರ್ಷದ ಸೊಸೆತನದ ಸೇಡನ್ನೆಲ್ಲ ಒಟ್ಟು ಮಾಡಿ ನಾನು ಅವರ ತುಟಿಯಂಚಿಗೆ ಒಂದು ಮಂದಹಾಸ ಇಟ್ಟುಬಿಟ್ಟೆ. ಬಂದ ನೆಂಟರೆಲ್ಲ "ಅದೇ ಕಳೆ, ಅದೇ ನಗು!" ಎಂದು ಕಣ್ಣೊರೆಸಿಕೊಂಡರು. ಸತ್ತವರ ಮುಖ ಯಾರಿಗೂ ನೆನಪಿರುವುದಿಲ್ಲ ಎಂಬ ತಿಳಿವಳಿಕೆ ನನಗೆ ಬಂದದ್ದು ಅವತ್ತೇ. ನನ್ನ ಕಲೆ ನಿಂತಿರುವುದೆಲ್ಲ ಆ ಒಂದು ತಿಳಿವಳಿಕೆಯ ಮೇಲೆ.

ಮಾವನವರ ಚಿತ್ರಕ್ಕೆ ಕಟ್ಟು ಹಾಕಲು ಕೊಟ್ಟಿದ್ದು ಪೇಟೆಯಲ್ಲಿ ಫೋಟೋ ಕಟ್ಟಿನ ಅಂಗಡಿ ಇಟ್ಟಿರುವ ರಾಜಣ್ಣನಿಗೆ. ಆತ ಮಾವನವರ ನಗುವನ್ನು ಐದು ನಿಮಿಷ ನೋಡಿ, "ಅಕ್ಕಾ, ನಮ್ಮಲ್ಲಿ ಬರೋ ಗಿರಾಕಿಗಳಿಗೆ ಹಿಂಗೇ ಬರ್ಕೊಡ್ತೀರಾ?" ಎಂದ. ಅಂದಿನಿಂದ ಸುತ್ತ ಎರಡು ತಾಲ್ಲೂಕಿನಲ್ಲಿ ಯಾರು ಶಿವನ ಪಾದ ಸೇರಿದರೂ ಅವರ ಆಧಾರ್ ಕಾರ್ಡಿನ ಜೆರಾಕ್ಸು, ಜೊತೆಗೊಂದು ಚೀಟಿ ನಮ್ಮ ಮನೆಗೆ ಬರುತ್ತದೆ. ನಾನು ಗಿರಾಕಿಗಳ ಮುಖ ನೋಡುವುದಿಲ್ಲ, ಅವರು ನನ್ನ ಮುಖ ನೋಡುವುದಿಲ್ಲ. ಯಾರಾದರೂ ಬರೆದವರು ಯಾರೆಂದು ಕೇಳಿದರೆ ರಾಜಣ್ಣ ಗಂಭೀರವಾಗಿ "ಮೈಸೂರಿನ ದೊಡ್ಡ ಆರ್ಟಿಸ್ಟು" ಎನ್ನುತ್ತಾನೆ. ಅವನ ಪಾಲಿಗೆ ಅದು ವ್ಯಾಪಾರ. ನನ್ನ ಪಾಲಿಗೆ, ಮನೆ ಬಾಗಿಲಿಗೆ ಸೂತಕದ ಜನ ಬರುವುದಿಲ್ಲವಲ್ಲ ಎಂಬ ಇನ್ನೊಂದು ಚಿಲ್ಲರೆ ಉಪಕಾರ.

ಆ ಚೀಟಿಗಳನ್ನು ನೀವು ಓದಬೇಕು. "ತಾಯಿಯವರು. ಕಿವಿಗೆ ಓಲೆ, ಕೊರಳಿಗೆ ಕಾಸಿನ ಸರ ಹಾಕುವುದು." ಆಯಮ್ಮನ ಜೆರಾಕ್ಸಿನಲ್ಲಿ ಕಿವಿಯಲ್ಲಿದ್ದದ್ದು ಬೇವಿನ ಕಡ್ಡಿ. ಬದುಕಿರುವ ತನಕ ಕಡ್ಡಿ, ಸತ್ತ ಮೇಲೆ ಕಾಸಿನ ಸರ. ನಂಜನಗೂಡಿನಲ್ಲಿ ಅತಿ ಅಗ್ಗದ ಚಿನ್ನ ಸಿಗುವುದು ನನ್ನ ಪೆನ್ಸಿಲ್ಲಿನಲ್ಲಿ. "ಅಣ್ಣನವರು. ಕುಡಿದ ಹಾಗೆ ಕಾಣಬಾರದು." "ಅಜ್ಜಿ. ಸ್ವಲ್ಪ ಬೆಳ್ಳಗೆ ಮಾಡಿ, ಮೊಮ್ಮಗಳಿಗೆ ಗಂಡು ನೋಡುತ್ತಿದ್ದೇವೆ." ನಾನು ಎಲ್ಲವನ್ನೂ ಮಾಡಿದೆ. ಹಣೆಗೆ ಮೂರು ಬೆರಳಿನ ವಿಭೂತಿ ಎಳೆದರೆ ಎಂಥ ಮುಖಕ್ಕೂ ಒಂದು ಸಾಧುತನ ಬರುತ್ತದೆ. ನಮ್ಮ ಯಜಮಾನರು ಒಂದು ದಿನ ಊಟಕ್ಕೆ ಕೂತವರು ಮೇಜಿನ ಮೇಲಿದ್ದ ಹೆಡತಲೆ ಊರಿನ ಯಾರೋ ದಿವಂಗತರನ್ನು ನೋಡಿ, "ನಿನ್ನ ಕೈಲಿ ಇಷ್ಟು ಲಕ್ಷಣವಾಗೋದಾದ್ರೆ ಸಾಯೋದೇ ವಾಸಿ ಕಣೇ" ಎಂದರು. ಮದುವೆಯಾದಾಗಿನಿಂದ ಅವರು ನನ್ನ ಕೈಕೆಲಸವನ್ನು ಹೊಗಳಿದ್ದು ಅದೊಂದೇ ಸಲ.

ಹೀಗೆ ಧರ್ಮವಾಗಿ ಬದುಕುತ್ತಿರುವಾಗ, ಒಂದು ಸೋಮವಾರ ನರಸೀಪುರದಲ್ಲಿರುವ ತಂಗಿಯ ಮನೆಗೆಂದು ನಂಜನಗೂಡಿನಲ್ಲಿ ಬಸ್ಸು ಹತ್ತಿದೆ. ಸೋಮವಾರದ ಬಸ್ಸು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಮೂಗಿಗೆ ಒಬ್ಬರ ವಿಭೂತಿ, ಬೆನ್ನಿಗೆ ಇನ್ನೊಬ್ಬರ ತೆಂಗಿನಕಾಯಿ. ಹೇಗೋ ಒಂದು ಸೀಟು ಸಿಕ್ಕಿತು. ಕಿಟಕಿಯ ಪಕ್ಕ ಒಬ್ಬ ಅಜ್ಜಿ ಕೂತಿತ್ತು. ಕಂಡಕ್ಟರ್ ಬಂದು, "ಅಜ್ಜಿ, ಆಧಾರ್ ತೋರ್ಸಿ" ಎಂದ. ಅಜ್ಜಿ ಎಲೆಅಡಿಕೆ ಚೀಲದ ಒಳಚೀಲದಿಂದ ಕಾರ್ಡು ತೆಗೆಯಿತು. ಆತ ಕಾರ್ಡನ್ನೊಮ್ಮೆ ಅಜ್ಜಿಯನ್ನೊಮ್ಮೆ ನೋಡಿ, "ಇದು ನೀವೇನಾ?" ಎಂದ.

"ನಾನಲ್ದೆ ನಿಮ್ಮವ್ವನಾ? ಫೋಟೋ ಇಡ್ಯೋನು ಅಲುಗಾಡ್ಬ್ಯಾಡ ಅಂದ, ಉಸ್ರು ಬುಡ್ಬ್ಯಾಡ ಅಂದ. ಉಸ್ರು ಬುಡ್ದೆ ಕುಂತ್ರೆ ಎಣ ಕಂಡಂಗೆ ಕಾಣ್ದೆ ಇನ್ನೇನ್ ಕಂಡದು? ಟಿಕೀಟು ಕೊಡ್ಲಾ ಸುಮ್ನೆ."

ಬಸ್ಸೆಲ್ಲ ನಕ್ಕಿತು. ನಾನು ಮಾತ್ರ ನಗಲಿಲ್ಲ, ತಿರುಗಿ ಆ ಮುಖ ನೋಡುತ್ತಾ ಕೂತುಬಿಟ್ಟೆ. ಮುಖ ಎಂದರೆ ಅದು. ಹಣೆಯಿಂದ ಗಲ್ಲದವರೆಗೆ ಒಂದು ಗೆರೆಯೂ ವ್ಯರ್ಥವಾಗಿಲ್ಲ, ಒಂದೊಂದೂ ಯಾರನ್ನೋ ಬೈದು ಸಂಪಾದಿಸಿದ್ದು. ಕೆನ್ನೆಯ ಮೇಲೆ ಹೆಸರುಕಾಳಿನಷ್ಟು ನರಹುಲಿ. ಕಣ್ಣುಗಳಂತೂ ಈಗ ತಾನೇ ಒಬ್ಬರನ್ನು ವಿಚಾರಿಸಿಕೊಂಡು ಮುಂದಿನವರಿಗೆ ಕಾಯುತ್ತಿರುವಂತಿದ್ದವು. ಇಷ್ಟು ವರ್ಷಕ್ಕೆ, ಉಸಿರಾಡುತ್ತಿರುವ ಒಂದು ಮುಖವನ್ನು ಬರೆಯಬೇಕು ಎಂದು ನನಗೆ ಅನ್ನಿಸಿದ್ದು ಅದೇ ಮೊದಲು. ಮಾತಿಗೆ ಎಳೆಯೋಣವೆಂದು, "ದೇವಸ್ಥಾನಕ್ಕೆ ಬಂದಿದ್ರಾ ಅಜ್ಜಿ?" ಎಂದೆ.

"ದ್ಯಾವ್ರ ನೋಡಕ್ಕಲ್ಲ ಕಣವ್ವ. ಒಬ್ಬ ಕಳ್ಳನ್ನ ಉಡಿಕ್ಕೊಂಡು ಬಂದಿದ್ದೆ. ನನ್ ಗಂಡನ್ನ ಕದ್ದವ್ನೆ."

ನನಗೆ ಕುತೂಹಲವಾಯಿತು. ಈ ವಯಸ್ಸಿನ ಅಜ್ಜಿಯ ಗಂಡನನ್ನು ಕದ್ದು ಯಾರಿಗೆ ಏನಾಗಬೇಕು? ಅಜ್ಜಿ ಬಾಯಿಗೆ ಎಲೆ ಹಾಕಿಕೊಂಡು ವಿವರವಾಗಿ ಹೇಳಿತು. ಹೆಸರು ಚಿಕ್ಕತಾಯಮ್ಮ, ಊರು ಹೆಮ್ಮಿಗೆ. ಗಂಡ ತೀರಿಕೊಂಡು ಬರುವ ಸೋಮವಾರಕ್ಕೆ ಒಂದು ವರ್ಷ. ಮಗ ಮಾದೇಶ ನಂಜನಗೂಡಿನ ಒಂದು ಕಟ್ಟಿನ ಅಂಗಡಿಯಲ್ಲಿ ಅಪ್ಪನ ಚಿತ್ರ ಬರೆಸಿ ತಂದು ಪಡಸಾಲೆಯಲ್ಲಿ ಹಾಕಿದ.

"ಮೊದಮೊದ್ಲು ನಾನೂ ಕಣ್ಣು ಮುಚ್ಕೊಂಡು ಊವ ಇಡ್ತಿದ್ದೆ. ಒಂದಿನ ಕಣ್ಣೆತ್ತಿ ನೋಡ್ತೀನಿ, ಯಾರೋ ಗಂಡ್ಸು ನನ್ನೇ ನೆಟ್ಟಗೆ ನೋಡ್ತಾ ಕುಂತವ್ನೆ! ನಾಚ್ಕೆ ಆಗೋಯ್ತು ಕಣವ್ವ. ಸೆರಗು ಒದ್ಕೊಂಡು ಒಳೀಕೆ ಬಂದ್ಬುಟ್ಟೆ. ನಮ್ಮೋರದು ಮೆಳ್ಳಗಣ್ಣು. ಸಾಯೋಗಂಟ ಒಬ್ರನ್ನೂ ನೆಟ್ಟಗೆ ನೋಡ್ದೋರಲ್ಲ. ಇವ್ನು ಯಾರೋ ಪರಗಂಡ್ಸು. ಬರೋ ಸ್ವಾಮಾರ ವರ್ಷದ ಪೂಜೆ, ಅವನ ಮುಂದೆ ಕುಂತ್ಕೊಂಡು ಆರ ಆಕು ಅಂತಾನೆ ನನ್ ಮಗ. ನೀನೇ ಏಳವ್ವ, ನಲವತ್ತೆಂಟು ವರ್ಷ ಒಬ್ಬನ ಜೊತೆ ಬಾಳಿ, ಈಗ ಕಂಡೋನ ಕುತ್ಗೆಗೆ ಆರ ಆಕ್ಲಾ? ಅಂಗಡಿಯೋನ ಕೇಳಿದ್ರೆ, ಬರ್ದೋನು ಮೈಸೂರಲ್ಲವ್ನೆ ಅಂತಾನೆ. ಅವ್ನ ಕೈ ಸೇದೋಗ!"

ಬಸ್ಸು ಹಳ್ಳಕ್ಕೆ ಇಳಿದು ಎದ್ದಿತು. ಹೋದ ವರ್ಷದ ಒಂದು ಚೀಟಿ ಕಣ್ಣ ಮುಂದೆ ಬಂತು: "ತಂದೆಯವರು. ಕಣ್ಣು ಸರಿ ಮಾಡುವುದು." ಮೂಗಿನ ಕಡೆ ಸರಿದಿದ್ದ ಎಡಗಣ್ಣಿನ ಗುಡ್ಡೆಯನ್ನು ರಬ್ಬರಿನಲ್ಲಿ ಅಳಿಸಿ, ಎಳೆದು ತಂದು ಸರಿಯಾಗಿ ನಡುವೆ ಕೂರಿಸಿ, ಡಾಕ್ಟರೂ ಮಾಡಲಾಗದ್ದನ್ನು ಮಾಡಿದೆನೆಂದು ಬೀಗಿ, ಒಂದು ಲೋಟ ಕಾಫಿ ಕುಡಿದವಳು ನಾನೇ. ಆಗ ನಾನು ಏನು ಮಾಡಬೇಕಿತ್ತು? ದಿನಾ ಬೆಳಗ್ಗೆ ಶಿವಾ ಎನ್ನುವವಳು, ಸುಳ್ಳು ಹೇಳಬಾರದು ಎಂದು ಮಕ್ಕಳಿಗೆ ಬರೆ ಎಳೆಯುವಷ್ಟು ಬುದ್ಧಿ ಹೇಳುವವಳು, ಅಲ್ಲೇ ಒಪ್ಪಿಕೊಳ್ಳಬೇಕಿತ್ತು. ನಾನು ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿ, "ಹೌದಜ್ಜಿ, ಈಗಿನ ಆರ್ಟಿಸ್ಟುಗಳಿಗೆ ದೇವರ ಭಯವೇ ಇಲ್ಲ" ಎಂದೆ.

ಅಜ್ಜಿ ಶಪಿಸಿದ್ದು ಮೈಸೂರಿನ ಒಬ್ಬ ಗಂಡಸನ್ನು. ನಂಜನಗೂಡಿನ ಹೆಂಗಸಿಗೆ ಅದು ತಗಲಲಾರದು ಎಂಬ ಸಣ್ಣ ಸಮಾಧಾನವನ್ನು ಲೆಕ್ಕಕ್ಕೆ ಹಿಡಿದುಕೊಂಡೆ. ಆದರೂ ಕೂರಲಾಗಲಿಲ್ಲ. "ಅಜ್ಜಿ, ನನಗೂ ಸ್ವಲ್ಪ ಚಿತ್ರ ಬರೆಯೋಕೆ ಬರುತ್ತೆ. ನಾನು ನಿಮ್ಮ ಯಜಮಾನ್ರ ಕಣ್ಣು ಸರಿ... ಅಂದ್ರೆ, ಮೊದಲಿನ ಹಾಗೇ ಮಾಡಿಕೊಡ್ಲಾ? ಅದಕ್ಕೆ ಬದಲು ನಿಮ್ಮ ಮುಖ ಬರ್ಕೋತೀನಿ" ಎಂದೆ. ಪಶ್ಚಾತ್ತಾಪದಲ್ಲೂ ವ್ಯಾಪಾರ ಬಿಡದ ಹೆಂಗಸು ನಾನು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾ" ಎಂದಿತು. ತಂಗಿಗೆ ಫೋನ್ ಮಾಡಿ ಸಾಯಂಕಾಲ ಬರುತ್ತೇನೆಂದೆ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಪೆನ್ಸಿಲ್ಲು, ರಬ್ಬರು, ಡ್ರಾಯಿಂಗ್ ಪುಸ್ತಕ ಕೊಂಡೆ. ಇಬ್ಬರೂ ಹೆಮ್ಮಿಗೆಯ ಬಸ್ಸು ಹತ್ತಿದೆವು.

ಪಡಸಾಲೆಗೆ ಕಾಲಿಟ್ಟರೆ ಎದುರಿಗೇ ನನ್ನ ಕೃತಿ. ಪ್ಲಾಸ್ಟಿಕ್ ಹೂವಿನ ಹಾರ, ಮಿಣಮಿಣ ಎನ್ನುವ ಬಣ್ಣದ ದೀಪ, ನಡುವೆ ಜಿಲ್ಲಾಧಿಕಾರಿಯ ಹಾಗೆ ನೆಟ್ಟಗೆ ನೋಡುತ್ತಾ ಕೂತ ಗೌರವಸ್ಥ. ಮಾದೇಶ ಊರಿನಲ್ಲೇ ಗೊಬ್ಬರದ ಅಂಗಡಿ ಇಟ್ಟಿರುವವನು, ಊಟಕ್ಕೆಂದು ಮನೆಗೆ ಬಂದಿದ್ದ. ನಾನು ಚಿತ್ರ ಬರೆಯುವವಳೆಂದು ತಾಯಿ ಹೇಳಿದ ಕೂಡಲೇ ಗೋಡೆಯ ಕಡೆ ಕೈ ತೋರಿಸಿ, "ನೋಡಿ ಮೇಡಂ, ಕೆಲ್ಸ ಅಂದ್ರೆ ಇದು. ಮೈಸೂರಿನ ದೊಡ್ಡ ಆರ್ಟಿಸ್ಟು. ನಮ್ಮಪ್ಪನ್ನ ಹೆಂಗೆ ಎತ್ತಿಬುಟ್ಟವ್ನೆ! ಊರಲ್ಲಿ ಬಂದೋರೆಲ್ಲ ಕೈ ಮುಗೀತಾರೆ. ನಿಮ್ಗೆ ಇಂಥದ್ದು ಬರೆಯಕ್ಕೆ ಬರುತ್ತಾ?" ಎಂದ.

ನನ್ನ ಅವಸ್ಥೆ ಊಹಿಸಿ. ಜೀವನದಲ್ಲಿ ಮೊದಲ ಸಲ ಒಬ್ಬ ಗಿರಾಕಿ ಎದುರಿಗೆ ನಿಂತು ನನ್ನನ್ನು ಹೊಗಳುತ್ತಿದ್ದಾನೆ, ನಾನು ಕಳ್ಳಿಯ ಹಾಗೆ ತಲೆ ತಗ್ಗಿಸಿ ನಿಂತಿದ್ದೇನೆ. ಒಪ್ಪಿಕೊಂಡರೆ ಮಗನ ಹೊಗಳಿಕೆ, ಜೊತೆಗೇ ತಾಯಿಯ ಶಾಪ. ಸುಮ್ಮನಿದ್ದರೆ ಎರಡೂ ಇಲ್ಲ. ನಾನು ಕಲಾವಿದೆಯರ ಪರಂಪರೆಗೆ ತಕ್ಕ ಹಾಗೆ, "ಸ್ವಲ್ಪ ಸ್ವಲ್ಪ ಬರುತ್ತೆ" ಎಂದೆ.

ತಾಯಿ ಮಗನ ಜಗಳ ಅಲ್ಲೇ ಶುರುವಾಯಿತು. "ಅವ್ವ, ಪೂಜೆಗೆ ನೆಂಟ್ರೆಲ್ಲ ಬತ್ತಾರೆ. ಊರೋರು ಅಪ್ಪನ್ನ ಮೆಳ್ಳ ಮೆಳ್ಳ ಅಂತಿದ್ದದ್ದು ಸಾಲ್ದಾ? ಫೋಟೋದಲ್ಲಾದ್ರೂ ನೆಟ್ಟಗಿರ್ಲಿ ಅಂತ ನಾನು ಮಾಡ್ಸಿದ್ದು. ಚಿಕ್ಕೋನಿದ್ದಾಗಿಂದ ನಾನು ಮೆಳ್ಳನ ಮಗ ಅಂತ ಅನ್ನಿಸ್ಕೊಂಡೋನು ಕಣವ್ವ" ಎಂದ ಮಾದೇಶ. ಚೀಟಿ ಬರೆದವನಿಗೂ ಒಂದು ಹೊಟ್ಟೆನೋವು ಇರುತ್ತದೆ ಎಂಬುದು ನನಗೆ ಅದುವರೆಗೂ ಹೊಳೆದೇ ಇರಲಿಲ್ಲ.

ಚಿಕ್ಕತಾಯಮ್ಮ ಕಂಬಕ್ಕೆ ಒರಗಿ ಕೂತಿತು. "ನಿನ್ಗೇನ್ಲಾ ಗೊತ್ತು. ನಾನು ಈ ಮನೆಗೆ ಬಂದಾಗ ಇಲ್ಲಿ ಹದಿನೇಳು ಜನ. ಅತ್ತೆ, ಅತ್ತೆಯವ್ವ, ಮೂರು ಜನ ನಾದಿನೀರು. ಗಂಡನ ಜೊತೆ ಒಂದ್ ಮಾತಾಡಕ್ಕಿಲ್ಲ, ಕಣ್ಣೆತ್ತಂಗಿಲ್ಲ. ನಿಮ್ಮಪ್ಪ ಈ ಪಡಸಾಲೇಲಿ ಉಣ್ಣಕ್ಕೆ ಕೂರೋರು. ಒಂದು ಕಣ್ಣು ಬಾಗ್ಲ ಕಡೀಕೆ. ಎಲ್ರೂ ಅನ್ಕೊಳ್ಳೋರು, ಎತ್ತಿನ ಕಡೆ ನೋಡ್ತಾವ್ನೆ ಅಂತ. ಇನ್ನೊಂದು ಕಣ್ಣು ಅಡುಗೆಮನೆ ಹೊಸ್ಲು ತಾವ ನಿಂತಿದ್ದ ನನ್ ಮ್ಯಾಲೆ. ಹದಿನೇಳು ಜನದ ನಡುವೆ ನಮ್ಮೋರು ನನ್ನೇ ನೋಡ್ತಾವ್ರೆ ಅಂತ ನನ್ಗೊಬ್ಬಳಿಗೇ ಗೊತ್ತು. ನೀನು ಅದನ್ನೇ ಅಳಿಸ್ಬುಟ್ಟೆ ಕಣ್ಲಾ ಮಗ."

ನನ್ನ ಬಾಯಿ ತಾನಾಗಿಯೇ ಮಾತಾಡಿಬಿಟ್ಟಿತು. "ಅಜ್ಜಿ, ಅಳಿಸಿದ್ದು ಇವರಲ್ಲ. ನಾನು. ಮೈಸೂರು ಇಲ್ಲ, ಆರ್ಟಿಸ್ಟೂ ಇಲ್ಲ. ನಂಜನಗೂಡಿನ ನಮ್ಮ ಮನೆ ಊಟದ ಮೇಜಿನ ಮೇಲೆ ನಾನೇ ಬರೆದದ್ದು."

"ಗೊತ್ತು" ಎಂದಿತು ಅಜ್ಜಿ, ಎಲೆಗೆ ಸುಣ್ಣ ಹಚ್ಚುತ್ತಾ.

"ಗೊತ್ತಾ?"

"ಕೈ ಸೇದೋಗ ಅಂದೇಟ್ಗೆ ಕೈಯ ಸೆರಗಲ್ಲಿ ಬಚ್ಚಿಟ್ಕೊಂಡ್ಯಲ್ಲ. ಮುಖ ನೋಡೋದು ನಿನ್ಗೊಬ್ಬಳಿಗೇ ಬರ್ತದಾ? ತಪ್ಪು ಮಾಡ್ದೋಳು ತಾನಾಗೇ ಏಳ್ಲಿ ಅಂತ ಸುಮ್ಕಿದ್ದೆ. ಒಸಿ ತಡ ಮಾಡ್ದೆ, ಓಗ್ಲಿ ಬುಡು. ಮೊದ್ಲು ಊಟ ಮಾಡು."

ಮುದ್ದೆ, ಅವರೆಕಾಳಿನ ಸಾರು. ಬೈಸಿಕೊಳ್ಳುವ ಮೊದಲೇ ಊಟ ಹಾಕುವ ಮನೆ ಸಿಕ್ಕಿದ್ದನ್ನು ಆ ದಿನದ ಲೆಕ್ಕಕ್ಕೆ ಸೇರಿಸಿಕೊಂಡೆ. ಮಾದೇಶನೂ ಉಂಡ. ಕೈ ತೊಳೆದು ಬಂದವನು, ನಾನು ಕೇಳುವ ಮೊದಲೇ ಗೋಡೆಯಿಂದ ಚಿತ್ರ ಇಳಿಸಿ, ಕಟ್ಟಿನ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಹಾಳೆಯನ್ನು ನನ್ನ ಮುಂದೆ ಇಟ್ಟ. "ಮಾಡಿ ಮೇಡಂ. ನಮ್ಮವ್ವನೇ ಮುಂದೆ ಕೂರ್ದೆ ಇದ್ಮೇಲೆ ನೆಂಟ್ರು ಬಂದು ಏನ್ ಪೂಜೆ" ಎಂದ. ಅಷ್ಟು ಹೇಳಲು ಅವನಿಗೆ ಒಂದು ಮುದ್ದೆಯಷ್ಟು ಹೊತ್ತು ಬೇಕಾಗಿತ್ತು.

ನೆಟ್ಟಗಿರುವ ಕಣ್ಣನ್ನು ಮೆಳ್ಳ ಮಾಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಜೆರಾಕ್ಸು ಈಗ ಇಲ್ಲ; ಅಜ್ಜಿಯ ನೆನಪೇ ಜೆರಾಕ್ಸು. ನಾನು ಗುಡ್ಡೆಯನ್ನು ಅಳಿಸಿ ಮೂಗಿನ ಕಡೆಗೆ ಒಂದಿಷ್ಟು ಸರಿಸಿದೆ. "ಇನ್ನೂ ಒಸಿ ಒಳೀಕೆ." ಸರಿಸಿದೆ. "ಅಷ್ಟೊಂದಲ್ಲ, ಅದು ಕ್ವಾಪ ಬಂದಾಗ." ಹಿಂದಕ್ಕೆ ತಂದೆ. "ಈಗ ಒಸಿ ಕೆಳೀಕೆ. ಅಯ್ಯೋ, ಅದು ನಿದ್ದೆ ಬಂದಾಗ." ಎಡಗಣ್ಣಿನ ಕಾಗದ ಸವೆದು ಹಪ್ಪಳವಾಯಿತು. ಯಾವ ಚೀಟಿಯೂ ನನ್ನನ್ನು ಹೀಗೆ ಗೋಳು ಹೊಯ್ದುಕೊಂಡಿರಲಿಲ್ಲ. ಕೊನೆಗೆ ಒಂದು ಚುಕ್ಕಿ ಇಡುವಷ್ಟರಲ್ಲಿ ಅಜ್ಜಿ ಮಾತು ನಿಲ್ಲಿಸಿತು. ಇಷ್ಟು ಹೊತ್ತು ನಿಲ್ಲದ ಬಾಯಿ ನಿಂತದ್ದರಿಂದ ಕಣ್ಣು ತನ್ನ ಜಾಗಕ್ಕೆ ಬಂತೆಂದು ನನಗೆ ತಿಳಿಯಿತು. "ಬಣ್ಣನೂ ಸ್ವಲ್ಪ ಬೆಳ್ಳಗೆ ಮಾಡಿಬಿಟ್ಟಿದ್ದೆ ಅಜ್ಜಿ, ಅದನ್ನೂ..." ಎಂದೆ. "ಇರ್ಲಿ ಬುಡು. ಬಿಸ್ಲಲ್ಲಿ ದುಡಿಯೋದು ಮುಗೀತಲ್ಲ, ಈಗ ನೆಳ್ಳಲ್ಲವ್ರೆ."

ಕಟ್ಟು ಹಾಕಿ ಮತ್ತೆ ಮೊಳೆಗೆ ತಗುಲಿಸಿದಾಗ ಅಜ್ಜಿ ಒಪ್ಪಲಿಲ್ಲ. ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತು, ಮಗನಿಗೆ "ಆ ಕಡೀಕೆ, ಈ ಕಡೀಕೆ" ಎನ್ನುತ್ತಾ ಗೋಡೆಯ ಉದ್ದಕ್ಕೂ ಅಪ್ಪನನ್ನು ಓಡಾಡಿಸಿತು. ಒಂದು ಕಡೆ ಬಂದಾಗ "ಊಂ, ಅಲ್ಲೇ" ಎಂದಿತು. ಮಾದೇಶ ಮೊಳೆ ಹೊಡೆದ. ನಮ್ಮ ಕಣ್ಣಿಗೆ ಅಜ್ಜಿಯ ಯಜಮಾನರು ಬಾಗಿಲಾಚೆ ಎತ್ತಿನ ಕಡೆ ನೋಡುತ್ತಿದ್ದರು. ಅಜ್ಜಿ ಹೊಸ್ತಿಲ ಮೇಲೆ ನಿಂತು ಸೆರಗು ಸರಿ ಮಾಡಿಕೊಂಡು, "ಇಷ್ಟು ದಿನ ಎಲ್ಲೋಗಿದ್ರಿ? ಒಂದೊರ್ಸಾಯ್ತು" ಎಂದು ಗೋಡೆಯನ್ನು ಗದರಿಸಿತು. ಮಾದೇಶ ತಿರುಗಿ ನಿಂತು ಸುತ್ತಿಗೆಯನ್ನು ಬಹಳ ಹೊತ್ತು ಒರೆಸಿದ.

ಇನ್ನು ನನ್ನ ಸರದಿ. ನಮ್ಮ ಒಪ್ಪಂದದಂತೆ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿತು, ನಾನು ಎದುರಿಗೆ ಪುಸ್ತಕ ಬಿಡಿಸಿದೆ. ಬರೆಯಲು ಹೋದರೆ ಆ ಮುಖ ಒಂದು ಕ್ಷಣ ಒಂದೇ ಥರ ಇದ್ದರೆ ತಾನೇ! ಹುಬ್ಬು ಬರೆಯುವಷ್ಟರಲ್ಲಿ ಕೋಳಿಯನ್ನು ಬೈಯಲು ಹುಬ್ಬು ಮೇಲೇರಿತು. ಬಾಯಿ ಬರೆಯುವಷ್ಟರಲ್ಲಿ ಬೀದಿಯಲ್ಲಿ ಹೋಗುವವರ ಯೋಗಕ್ಷೇಮಕ್ಕೆ ಬಾಯಿ ಹೊರಟುಹೋಯಿತು. "ಸ್ವಲ್ಪ ಅಲುಗಾಡಬೇಡಿ ಅಜ್ಜಿ" ಎಂದದ್ದಕ್ಕೆ, ಬೆಳಗ್ಗೆ ಕಂಡಕ್ಟರಿಗೆ ಸಿಕ್ಕಿದ್ದರಲ್ಲಿ ಅರ್ಧ ನನಗೂ ಸಿಕ್ಕಿತು. ನಾಲ್ಕು ಹಾಳೆ ಕೆಡಿಸಿದೆ. ನಾಲ್ಕರಲ್ಲೂ ಇದ್ದದ್ದು ಯಾರೋ ಪೂಜ್ಯ ಮಾತೃಶ್ರೀಯವರು. ಶಾಂತ ಮುಖ, ಮಂದಹಾಸ. ನನ್ನ ಕೈ ತನಗೆ ಗೊತ್ತಿದ್ದನ್ನೇ ಮಾಡಿತ್ತು. ಚಿಕ್ಕತಾಯಮ್ಮ ನಾಲ್ಕನ್ನೂ ಒಂದೊಂದಾಗಿ ನೋಡಿ ನನ್ನ ಬೆನ್ನು ತಟ್ಟಿತು.

"ಬೇಜಾರ್ ಮಾಡ್ಕೋಬ್ಯಾಡ ಕಣವ್ವ. ಸತ್ತೋರ್ನ ಬರ್ದು ಬರ್ದು ನಿನ್ ಕೈಗೆ ಉಸ್ರಾಡೋರು ಸಿಕ್ಕಾಕಿಲ್ಲ. ಒಸಿ ದಿನ ತಡಿ, ನಾನೂ ಓಯ್ತೀನಿ. ಆಗ ಬರೀವಂತೆ. ನೋಡಿದ್ದೀಯಲ್ಲ, ನರಹುಲಿ ಬುಡ್ಬ್ಯಾಡ. ನಮ್ಮೋರು ಗುರ್ತು ಇಡೀಬೇಕು."

ಅದಾಗಿ ಎರಡು ಕಾರ್ತಿಕ ಕಳೆದಿವೆ. ರಾಜಣ್ಣ ಕೆಲಸ ತಂದು ಕೊಡುವುದನ್ನು ಬಿಟ್ಟಿಲ್ಲ, ನಾನು ಚಿನ್ನ ಹಾಕುವುದನ್ನೂ ಪೂರ್ತಿ ಬಿಟ್ಟಿಲ್ಲ. ಆದರೆ ಆತ ಬಾಗಿಲು ತಟ್ಟಿದಾಗ ಈಗ ನಾನು ಮೊದಲು ಕೇಳುವುದು "ಯಾವ ಊರು?" ಎಂದು. ಅವನು ಹೆಮ್ಮಿಗೆಯಲ್ಲದೆ ಬೇರೆ ಯಾವುದೋ ಊರಿನ ಹೆಸರು ಹೇಳಿದರೆ, ಪಾಪ, ಆ ಊರಿನಲ್ಲಿ ಒಂದು ಮನೆ ಅಳುತ್ತಿದೆ ಎಂಬುದನ್ನೂ ಮರೆತು "ಸದ್ಯ" ಎಂದುಬಿಡುತ್ತೇನೆ. ಬರೆಯಬೇಕೆಂದು ನಾನು ಜೀವಮಾನದಲ್ಲಿ ಆಸೆಪಟ್ಟದ್ದು ಒಂದೇ ಮುಖ. ಆ ಕೆಲಸ ನನ್ನ ಕೈಗೆ ಬಾರದಿರಲಿ ಎಂದು ಸೋಮವಾರ ಸೋಮವಾರ ಉಪವಾಸ ಮಾಡುತ್ತಿದ್ದೇನೆ. ದೇವರಿಗೆ ಹರಕೆ ಹೊತ್ತು ತನ್ನ ಅತ್ಯುತ್ತಮ ಚಿತ್ರವನ್ನು ತಪ್ಪಿಸಿಕೊಳ್ಳುತ್ತಿರುವ ಆರ್ಟಿಸ್ಟು ಮೈಸೂರಿನಲ್ಲೂ ಇರಲಾರಳು.